ಬಾವಿ ‘ಬಾವ’ನಾದ ಬಗೆ: ನಕ್ಷೆಯ ಹಿಂದಿನ ಕೋಷ್ಟಕದ ಕಥೆ

ಉಡುಪಿ ಸಮೀಪದ ಒಂದು ಗ್ರಾಮ ಪಂಚಾಯತ್‌ಗಾಗಿ ಮನೆಬಾವಿಗಳ ನಕ್ಷೆ ಸಿದ್ಧಪಡಿಸುವ ಕೆಲಸದಲ್ಲಿ ನಾನಿದ್ದೆ. ಯಾವ ಬಾವಿಯ ನೀರು ಮೇ ತಿಂಗಳಲ್ಲಿ ಉಪ್ಪಾಗುತ್ತದೆ, ಯಾವುದು ಬತ್ತುತ್ತದೆ ಎಂಬುದನ್ನು ಗುರುತಿಸುವುದಷ್ಟೇ ಉದ್ದೇಶ. ನಕ್ಷೆಯ ಮೇಲೆ ಚುಕ್ಕಿ ಇಡುವ ಕೆಲಸ ಬೇಗ ಮುಗಿಯಿತು. ಆ ಚುಕ್ಕಿಗಳ ಹಿಂದಿರುವ, ಒಂದೊಂದರ ವಿವರವನ್ನೂ ಸಾಲುಸಾಲಾಗಿ ಇಡುವ ಕೋಷ್ಟಕ, ಅಂದರೆ ಅಟ್ರಿಬ್ಯೂಟ್ ಟೇಬಲ್, ಮಳೆಗಾಲದವರೆಗೂ ನಮ್ಮನ್ನು ಬಿಡಲಿಲ್ಲ. ಹುಡುಗರು ಮನೆಮನೆಯ ವಿವರವನ್ನು ಮೊದಲು ಎಕ್ಸೆಲ್‌ನಲ್ಲಿ ಬರೆದಿದ್ದರು. ಅದು ಸರ್ವೆ ನಂಬರಿನ ಹಿಸ್ಸೆ 5/2 ಅನ್ನು ಫೆಬ್ರವರಿ 5 ಎಂದೂ, ಮನೆ ನಂಬರ್ 3-12 ಅನ್ನು ಡಿಸೆಂಬರ್ 3 ಎಂದೂ ತಾನೇ ತಿದ್ದಿಟ್ಟಿತ್ತು. ಹಾಗಾದರೆ ನಕ್ಷೆಯ ತಂತ್ರಾಂಶ ಕ್ಯೂಜಿಐಎಸ್‌ನಲ್ಲೇ ನೇರವಾಗಿ ತುಂಬಿಸಿ ಎಂದೆ. ಅರ್ಧ ದಿನ ಕಳೆಯುವುದರೊಳಗೆ ಅವರು ಎಕ್ಸೆಲ್‌ಗೇ ಮರಳಿದರು. ಸೆಲ್‌ನ ಮೂಲೆ ಹಿಡಿದು ಕೆಳಕ್ಕೆ ಎಳೆದರೆ ಉಳಿದವು ತುಂಬಿಕೊಳ್ಳುವುದಿಲ್ಲ, ಹತ್ತು ಸೆಲ್‌ಗಳಿಗೆ ಒಟ್ಟಿಗೆ ಪೇಸ್ಟ್ ಮಾಡಲಾಗುವುದಿಲ್ಲ, ತಿದ್ದಲು ಬಿಡುವ ಪೆನ್ಸಿಲ್ ಗುರುತನ್ನು ಒತ್ತದೆ ಒಂದಕ್ಷರವೂ ಬದಲಾಗುವುದಿಲ್ಲ ಎಂಬುದು ಅವರ ದೂರು. ದೂರು ನ್ಯಾಯವಾದದ್ದೇ, ಆದರೆ ಅದು ಇಂದಿನದಲ್ಲ.

1982ರಲ್ಲಿ ಅಮೆರಿಕದ ಎಸ್ರಿ ಸಂಸ್ಥೆ ಹೊರತಂದ ನಕ್ಷೆ ತಂತ್ರಾಂಶದ ಹೆಸರೇ ಆರ್ಕ್/ಇನ್ಫೋ. ಗೆರೆ, ಗಡಿಗಳನ್ನು ನೋಡಿಕೊಳ್ಳುವುದು ಆರ್ಕ್. ವಿವರಗಳನ್ನು ಇಟ್ಟುಕೊಳ್ಳುವುದು ಇನ್ಫೋ, ಅದು ಬೇರೊಂದು ಕಂಪನಿ ತಯಾರಿಸಿದ್ದ ಡೇಟಾಬೇಸ್. ಒಂದೇ ಸೂರಿನಡಿ ಎರಡು ಒಲೆ. ಕೋಷ್ಟಕವನ್ನು ತಿದ್ದಬೇಕಾದವರು ಕಮಾಂಡ್‌ಗಳನ್ನು ಟೈಪ್ ಮಾಡಬೇಕಿತ್ತು. ಅದಕ್ಕೆಂದೇ ತರಬೇತಿ ಪಡೆದವರು ಆ ಕೆಲಸ ಮಾಡುತ್ತಿದ್ದುದರಿಂದ ಯಾರೂ ಅದನ್ನು ತೊಡಕೆಂದು ಭಾವಿಸಲಿಲ್ಲ. ಆದರೆ 1979ರಲ್ಲಿ ಲೆಕ್ಕದ ಹಾಳೆಯ ತಂತ್ರಾಂಶ ವಿಸಿಕ್ಯಾಲ್ಕ್ ಬಂದಿತ್ತು, ಮುಂದೆ ಲೋಟಸ್ ಮತ್ತು ಎಕ್ಸೆಲ್ ಬಂದವು. ಕೋಷ್ಟಕವೆಂದರೆ ಯಾವ ಸೆಲ್‌ನಲ್ಲಾದರೂ ಏನನ್ನಾದರೂ ಬರೆಯಬಹುದಾದ ಹಾಳೆ ಎಂಬ ಅಭ್ಯಾಸ ಜನರ ಬೆರಳುಗಳಿಗೆ ಅಂಟಿದ್ದು ಅಲ್ಲಿಂದ. ನಕ್ಷೆಯ ಕೋಷ್ಟಕ ಹಾಗಲ್ಲ. ಅಲ್ಲಿನ ಪ್ರತಿ ಸಾಲೂ ನೆಲದ ಮೇಲಿನ ಒಂದು ಆಕಾರಕ್ಕೆ ಕಟ್ಟುಬಿದ್ದಿರುತ್ತದೆ.

ಈ ಕಟ್ಟು ಎಷ್ಟು ಸಡಿಲವಾದದ್ದು ಎಂದು ತಿಳಿಯಲು ನಕ್ಷೆಯ ದತ್ತಾಂಶವನ್ನಿಡುವ ಕಡತ ಮಾದರಿಯಾದ ಶೇಪ್‌ಫೈಲನ್ನು ನೋಡಬೇಕು. 1990ರ ದಶಕದ ಆರಂಭದಲ್ಲಿ ಎಸ್ರಿಯದೇ ಆರ್ಕ್‌ವ್ಯೂ ತಂತ್ರಾಂಶದೊಂದಿಗೆ ಬಂದ ಈ ಮಾದರಿಯ ವಿವರಣೆಯನ್ನು ಎಸ್ರಿ 1998ರಲ್ಲಿ ಬಹಿರಂಗವಾಗಿ ಪ್ರಕಟಿಸಿತು. ಇಂದಿಗೂ ಯಾವ ಕಚೇರಿಯಲ್ಲಿ ಕೇಳಿದರೂ ಸಿಗುವುದು ಹೆಚ್ಚಾಗಿ ಇದೇ. ಆಕಾರಗಳು ಎಸ್‌ಎಚ್‌ಪಿ ಕಡತದಲ್ಲಿ, ವಿವರಗಳು ಡಿಬಿಎಫ್ ಕಡತದಲ್ಲಿ. ಎರಡನ್ನೂ ಬೆಸೆಯುವುದು ಯಾವುದೇ ಗುರುತು ಸಂಖ್ಯೆಯಲ್ಲ, ಸಾಲುಗಳ ಕ್ರಮ ಮಾತ್ರ: ಮೊದಲ ಆಕಾರಕ್ಕೆ ಮೊದಲ ಸಾಲು, ಎರಡನೆಯದಕ್ಕೆ ಎರಡನೆಯದು. ಡಿಬಿಎಫ್ ಅನ್ನು ಎಕ್ಸೆಲ್‌ನಲ್ಲಿ ತೆರೆದು ಅಕಾರಾದಿಯಾಗಿ ಜೋಡಿಸಿ ಸೇವ್ ಮಾಡಿದವರ ನಕ್ಷೆಯಲ್ಲಿ ಕಾರ್ಕಳದ ಗಡಿಯೊಳಗೆ ಉಡುಪಿಯ ಹೆಸರು ಕುಳಿತಿರುತ್ತದೆ. ತಂತ್ರಾಂಶ ತುಟಿ ಪಿಟಕ್ಕೆನ್ನುವುದಿಲ್ಲ. 2007ರ ಆವೃತ್ತಿಯಿಂದ ಎಕ್ಸೆಲ್ ಡಿಬಿಎಫ್ ರೂಪದಲ್ಲಿ ಸೇವ್ ಮಾಡುವುದನ್ನೇ ನಿಲ್ಲಿಸಿತು. ಅನೇಕರು ಆಗ ಬೈದುಕೊಂಡರು. ನನ್ನ ಮಟ್ಟಿಗೆ ಅದೊಂದು ಉಪಕಾರ.

ಕನ್ನಡದಲ್ಲಿ ದತ್ತಾಂಶ ಇಡಹೊರಟವರಿಗೆ ಇನ್ನೂ ಒಂದು ತೊಡಕು ಕಾದಿತ್ತು. ಡಿಬಿಎಫ್ ಎಂಬುದು 1980ರ ದಶಕದ ಡೇಟಾಬೇಸ್ ತಂತ್ರಾಂಶ ಡಿಬೇಸ್‌ನಿಂದ ಎರವಲು ತಂದ ರೂಪ. ಅದರಲ್ಲಿ ಕಾಲಂ ಹೆಸರಿಗೆ ಹತ್ತು ಬೈಟ್, ಪಠ್ಯಕ್ಕೆ ಹೆಚ್ಚೆಂದರೆ 254 ಬೈಟ್ ಜಾಗ. ಇಂಗ್ಲಿಷ್ ಅಕ್ಷರಕ್ಕೆ ಒಂದು ಬೈಟ್ ಸಾಕು. ಎಲ್ಲ ಭಾಷೆಗಳ ಅಕ್ಷರಗಳನ್ನೂ ಕಂಪ್ಯೂಟರಿನಲ್ಲಿ ಇಡುವ ಯುಟಿಎಫ್-8 ಕ್ರಮದಲ್ಲಿ ಕನ್ನಡದ ಒಂದೊಂದು ಚಿಹ್ನೆಗೂ ಮೂರು ಬೈಟ್ ಬೇಕು, ಮತ್ತು ಕೊಂಬು, ಗುಡಿಸು, ಸೊನ್ನೆ ಎಲ್ಲವೂ ಬೇರೆಬೇರೆ ಚಿಹ್ನೆಗಳೇ. ಹಾಗಾಗಿ ಕಾಲಂ ಹೆಸರಿನಲ್ಲಿ ಹಿಡಿಸುವುದು ಮೂರು ಚಿಹ್ನೆ. ‘ಊರು’ ಹಿಡಿಸುತ್ತದೆ, ‘ಮನೆ’ ಹಿಡಿಸುತ್ತದೆ. ‘ಬಾವಿ’ಗೆ ಬೇಕಾದದ್ದು ನಾಲ್ಕು, ಗುಡಿಸು ಕಳಚಿ ಬಿದ್ದು ಅದು ‘ಬಾವ’ನಾಯಿತು. ಇಡೀ ದಿನ ನಮ್ಮ ತಂಡದಲ್ಲಿ ಬಾವನ ಆಳ ಎಷ್ಟು ಎಂಬುದೇ ಮಾತು. ನಕ್ಕು ಮುಗಿದ ಮೇಲೆ ಎಲ್ಲ ಕಾಲಂಗಳಿಗೂ ಇಂಗ್ಲಿಷ್ ಹೆಸರಿಟ್ಟೆವು.

ಖಾಲಿ ಸೆಲ್‌ನ ಪಾಡು ಇದಕ್ಕಿಂತ ಗಂಭೀರವಾದದ್ದು. ಶೇಪ್‌ಫೈಲಿನಲ್ಲಿ ಅಳತೆ ಮಾಡದ ಸಂಖ್ಯೆ ಹಲವು ಬಾರಿ 0 ಆಗಿ ಉಳಿಯುತ್ತದೆ. ನೀರಿನ ಮಟ್ಟವನ್ನು ನೆಲದಿಂದ ಕೆಳಕ್ಕೆ ಅಳೆಯುವ ನಮ್ಮ ಕೋಷ್ಟಕದಲ್ಲಿ 0 ಎಂದರೆ ಬಾವಿ ಅಂಚಿನವರೆಗೆ ತುಂಬಿದೆ ಎಂದರ್ಥ. ಬೀಗ ಹಾಕಿದ್ದ ಮನೆಗಳ ಬಾವಿಗಳೆಲ್ಲ ಮೇ ತಿಂಗಳಲ್ಲಿ ತುಂಬಿ ತುಳುಕುತ್ತಿದ್ದವು.

ತಿದ್ದಿದ್ದನ್ನು ಹಿಂದಕ್ಕೆ ಪಡೆಯುವ ಅನುಕೂಲವೂ ಎಲ್ಲ ಕಡೆ ಒಂದೇ ಬಗೆಯಲ್ಲಿ ಬರಲಿಲ್ಲ. ಎಸ್ರಿಯ ಮುಂದಿನ ತಂತ್ರಾಂಶ ಆರ್ಕ್‌ಮ್ಯಾಪ್‌ನಲ್ಲಿ ಎಡಿಟ್ ಆರಂಭಿಸದೆಯೇ, ಇಡೀ ಕಾಲಂ ಅನ್ನು ಒಮ್ಮೆಗೇ ತುಂಬುವ ಫೀಲ್ಡ್ ಕ್ಯಾಲ್ಕುಲೇಟರ್ ಬಳಸಹೊರಟರೆ, ಹೀಗೆ ಮಾಡುವುದು ಬೇಗ ಆಗುತ್ತದೆ, ಆದರೆ ರದ್ದುಪಡಿಸಲು ಬರುವುದಿಲ್ಲ ಎಂಬ ಎಚ್ಚರಿಕೆಯೊಂದು ತೆರೆಯುತ್ತಿತ್ತು. ಅವಸರದಲ್ಲಿರುವವರು ಅದನ್ನು ಓದದೆ ಹೌದು ಎಂದೇ ಒತ್ತುತ್ತಾರೆ. ಗ್ಯಾರಿ ಶೆರ್ಮನ್ 2002ರಲ್ಲಿ ಆರಂಭಿಸಿದ ಮುಕ್ತ ತಂತ್ರಾಂಶ ಕ್ಯೂಜಿಐಎಸ್ ಬೇರೆ ದಾರಿ ಹಿಡಿಯಿತು: ಪೆನ್ಸಿಲ್ ಒತ್ತದೆ ಏನನ್ನೂ ಮುಟ್ಟುವಂತಿಲ್ಲ, ಸೇವ್ ಮಾಡುವವರೆಗೆ ಎಲ್ಲವನ್ನೂ ಹಿಂದೆ ಪಡೆಯಬಹುದು. ನಮ್ಮ ಹುಡುಗರಿಗೆ ಕಿರಿಕಿರಿಯಾದ ಆ ಪೆನ್ಸಿಲ್ ಇರುವುದು ಇದಕ್ಕಾಗಿಯೇ.

ಕೋಷ್ಟಕವನ್ನು ಎಕ್ಸೆಲ್‌ನಂತೆ ಮಾಡಿಬಿಟ್ಟರೆ ಎಲ್ಲ ಸರಿಹೋಗುತ್ತದೆ ಎಂಬ ಬೇಡಿಕೆ ಹಳೆಯದು. ನನಗೆ ಅದು ಅರ್ಧ ಮಾತ್ರ ಒಪ್ಪಿಗೆ, ಏಕೆಂದರೆ ನಿಜವಾದ ಸುಧಾರಣೆ ಬಂದದ್ದು ಇನ್ನೊಂದು ಬಾಗಿಲಿನಿಂದ. ಸಾಲುಗಳನ್ನು ಕೋಷ್ಟಕವಾಗಿ ತೋರಿಸುವ ಬದಲು ಒಂದೊಂದನ್ನೂ ಅರ್ಜಿಯಂತೆ ತೋರಿಸುವ ಫಾರ್ಮ್, ಪಟ್ಟಿಯಿಂದಷ್ಟೇ ಆರಿಸಲು ಬಿಡುವ ಡ್ರಾಪ್‌ಡೌನ್, ಮಿತಿ ಮೀರಿದ ಸಂಖ್ಯೆಯನ್ನು ತಡೆಯುವ ನಿರ್ಬಂಧ ಇವು ಕ್ಯೂಜಿಐಎಸ್‌ನಲ್ಲಿ ಒಂದೊಂದಾಗಿ ಸೇರಿದವು. 2014ರ ನವೆಂಬರ್ 1ರಂದು ಮಂಗಳೂರಿನ ಇಂಗ್ಲಿಷ್ ಹೆಸರು ಮ್ಯಾಂಗಲೋರ್‌ನಿಂದ ಮಂಗಳೂರು ಎಂದೇ ಬದಲಾದ ಮೇಲೆ, ಹಳೆಯದು, ಹೊಸದು, ನಡುವೆ ಒಂದು ಸ್ಪೇಸ್ ಹೆಚ್ಚಾದದ್ದು ಎಲ್ಲವೂ ಒಂದೇ ಕಾಲಂನಲ್ಲಿ ಬೆರೆತ ಕೋಷ್ಟಕಗಳನ್ನು ನಾನು ಕಂಡಿದ್ದೇನೆ. ತಂತ್ರಾಂಶಕ್ಕೆ ಅವು ಮೂರು ಬೇರೆ ಊರುಗಳು. ಉಡುಪಿ ಜಿಲ್ಲೆಯ ಏಳು ತಾಲೂಕುಗಳನ್ನು ಡ್ರಾಪ್‌ಡೌನ್‌ನಲ್ಲಿಟ್ಟರೆ ಆ ತಪ್ಪಿಗೆ ಎಡೆಯೇ ಇಲ್ಲ.

ಕಡತದ ರೂಪವೂ ಬದಲಾಯಿತು. 2014ರಲ್ಲಿ ಮಾನಕವಾದ ಜಿಯೋಪ್ಯಾಕೇಜ್, 2018ರ ಕ್ಯೂಜಿಐಎಸ್ 3.0ರಿಂದ ಆ ತಂತ್ರಾಂಶ ತಾನಾಗಿಯೇ ಮೊದಲು ಮುಂದಿಡುವ ಕಡತ ರೂಪವಾಗಿದೆ. ಅದರಲ್ಲಿ ಆಕಾರವೂ ವಿವರವೂ ಒಂದೇ ಸಾಲಿನಲ್ಲಿ ಸ್ವಂತ ಗುರುತು ಸಂಖ್ಯೆಯೊಂದಿಗೆ ಇರುತ್ತವೆ, ಖಾಲಿ ಖಾಲಿಯಾಗಿಯೇ ಉಳಿಯುತ್ತದೆ, ಬಾವಿ ಬಾವಿಯಾಗಿಯೇ.

ಇಷ್ಟಾದರೂ ಹುಡುಗರ ಮೊದಲ ದೂರು ಹಾಗೆಯೇ ಇದೆ. ಎಕ್ಸೆಲ್‌ನಿಂದ ಒಂದು ಕಾಲಂ ನಕಲಿಸಿ ಕ್ಯೂಜಿಐಎಸ್‌ನ ಕೋಷ್ಟಕಕ್ಕೆ ಅಂಟಿಸಿದರೆ ಇರುವ ಸಾಲುಗಳು ತುಂಬುವುದಿಲ್ಲ. ಸಿಎಸ್‌ವಿ ಎಂಬ ಸರಳ ಪಠ್ಯ ಕಡತವಾಗಿ ತಂದು, ಗುರುತು ಸಂಖ್ಯೆಯ ಮೇಲೆ ಎರಡೂ ಕೋಷ್ಟಕಗಳನ್ನು ಜಾಯಿನ್ ಮಾಡಿ, ಫೀಲ್ಡ್ ಕ್ಯಾಲ್ಕುಲೇಟರ್‌ನಲ್ಲಿ ವರ್ಗಾಯಿಸಬೇಕು. ಅಲ್ಲಿ ಜೋಡಿ ಉದ್ಧರಣ ಚಿಹ್ನೆಯೊಳಗೆ ಉಡುಪಿ ಎಂದು ಬರೆದರೆ ಅದನ್ನು ಕಾಲಂ ಹೆಸರೆಂದು ತಿಳಿಯುತ್ತದೆ, ಒಂಟಿ ಚಿಹ್ನೆಯೊಳಗೆ ಬರೆದರೆ ಮಾತ್ರ ಪಠ್ಯ. ಹೊಸಬರು ಎಡವುವುದು ಇಲ್ಲೇ.

ಕೊನೆಗೆ ನಾವು ಕೋಷ್ಟಕವನ್ನು ಬಿಟ್ಟು ಬಾವಿಕಟ್ಟೆಗೇ ಹೋದೆವು. ಅದೇ ಫಾರ್ಮನ್ನು ಕ್ಯೂಫೀಲ್ಡ್ ಎಂಬ ಆ್ಯಪ್ ಮೂಲಕ ಮೊಬೈಲ್‌ಗೆ ಹಾಕಿ, ಹಿಸ್ಸೆಯ ಕಾಲಂ ಅನ್ನು ಪಠ್ಯವಾಗಿಸಿ, ಆಳಕ್ಕೆ ಎರಡು ಕಾಲಂ ಇಟ್ಟೆವು: ಒಂದು ಸಂಖ್ಯೆಗೆ, ಇನ್ನೊಂದು ಕೋಲೋ ಅಡಿಯೋ ಮೀಟರೋ ಎಂದು ಆರಿಸಲು. ಮನೆಯವರು ಹೇಳುವುದು ಕೋಲಿನ ಲೆಕ್ಕ, ಹುಡುಗರು ಹಗ್ಗ ಬಿಟ್ಟು ಅಳೆಯುವುದು ಮೀಟರಿನಲ್ಲಿ.