ಕೈ ಬಿಡೋದು ಯಾರು?

ಬಾದಾಮಿಯ ಕೆಂಪು ಬಂಡೆಯ ಮೇಲೆ, ಎರಡಾಳು ಎತ್ತರದಲ್ಲಿ, ನನ್ನ ಬೆರಳು ಬಿಚ್ಚಿಕೊಂಡವು. ನಾನು ಬಿಡಲಿಲ್ಲ, ಅವೇ ಬಿಟ್ಟವು. ಸೊಂಟಕ್ಕೆ ಕಟ್ಟಿದ ಹಾರ್ನೆಸ್ಸಿನಲ್ಲಿ ಜೋತಾಡುತ್ತ ಕೆಳಗೆ ನೋಡಿದರೆ, ಹಗ್ಗ ಹಿಡಿದ ಹುಡುಗ ನಗುತ್ತಿದ್ದ. "ಕೈಲೆ ಹತ್ತಬ್ಯಾಡ್ರಿ ಸರ, ಕಾಲ ಮ್ಯಾಲ ನಿಂದರ್ರಿ" ಅಂದ.

ಇದೇ ಮರಳುಗಲ್ಲಿನಲ್ಲಿ ಚಾಲುಕ್ಯರು ಗುಹೆ ಕೊರೆದರು. ಮೂರನೇ ಗುಹೆಯ ಶಾಸನ ಕ್ರಿ.ಶ. 578ರದ್ದು. ಈಗ ಸುತ್ತಲಿನ ಕೆಲವು ಬಂಡೆಗಳಿಗೆ ಹಗ್ಗ ಸಿಕ್ಕಿಸಲು ಬೋಲ್ಟ್ ಹೊಡೆದಿದ್ದಾರೆ, ಚಳಿಗಾಲ ಬಂತೆಂದರೆ ದೇಶ ವಿದೇಶದವರು ಹತ್ತಲು ಬರುತ್ತಾರೆ. ಕಲ್ಲು ಪದರ ಪದರವಾಗಿದೆ. ಹಾಗಾಗಿ ಬೆರಳ ತುದಿ ಸಿಕ್ಕಿಸಲು ಅಡ್ಡ ಅಂಚುಗಳು ಸಿಗುತ್ತವೆ. ಸಿಕ್ಕಿಸೋದು ಸುಲಭ. ಅಲ್ಲೇ ಇರೋದು ಕಷ್ಟ.

ಯಾಕೆ ಕಷ್ಟ? ಬೆರಳನ್ನು ಬಿಗಿಯಾಗಿ ಮಡಚುವ ಸ್ನಾಯು ಬೆರಳಲ್ಲಿ ಇಲ್ಲವೇ ಇಲ್ಲ. ಅದು ಇರೋದು ಮೊಣಕೈ ಕೆಳಗಿನ ಮುಂಗೈಯಲ್ಲಿ. ಅಲ್ಲಿಂದ ಹುರಿಯಂಥ ಸ್ನಾಯುರಜ್ಜುಗಳು ಮಣಿಕಟ್ಟು ದಾಟಿ ಬೆರಳಿಗೆ ಬರುತ್ತವೆ, ಸೂತ್ರದ ಗೊಂಬೆಗೆ ದಾರ ಕಟ್ಟಿದ ಹಾಗೆ. ಒಂದು ಕೈಯಿಂದ ಇನ್ನೊಂದು ಮುಂಗೈ ಹಿಡಿದು ಬೆರಳು ಆಡಿಸಿ ನೋಡಿ, ಒಳಗೆ ಮಿಸುಕಾಡೋದು ಗೊತ್ತಾಗುತ್ತದೆ. ಸ್ನಾಯು ಗಟ್ಟಿಯಾಗಿ ಬಿಗಿದಾಗ ತನ್ನೊಳಗಿನ ರಕ್ತನಾಳಗಳನ್ನು ತಾನೇ ಅದುಮಿಬಿಡುತ್ತದೆ. ಆಗ ಹೊಸ ಆಮ್ಲಜನಕ ಒಳಗೆ ಬರಲ್ಲ, ಒಳಗಿನ ಕಸ ಹೊರಗೆ ಹೋಗಲ್ಲ. ಮುಂಗೈ ಕಲ್ಲಾಗುತ್ತದೆ. ಹತ್ತುವವರು ಇದನ್ನು "ಪಂಪ್ ಆಯ್ತು" ಅನ್ನುತ್ತಾರೆ. (ನಮ್ಮ ಕಡೆ ಪಂಪ್ ಅಂದರೆ ಬೋರ್‌ವೆಲ್‌ನದು. ಅದು ಓಡಿದರೆ ಖುಷಿ!) ಅದಕ್ಕೇ ಅವರು ಸಿಕ್ಕ ಜಾಗದಲ್ಲೆಲ್ಲ ಒಂದೊಂದೇ ಕೈ ಇಳಿಬಿಟ್ಟು ಕೊಡವುತ್ತಾರೆ, ತೋಳು ನೆಟ್ಟಗಿಟ್ಟು ಎಲುಬಿನ ಮೇಲೆ ಭಾರ ಹಾಕುತ್ತಾರೆ, ಉಳಿದದ್ದನ್ನು ಕಾಲಿಗೆ ಬಿಡುತ್ತಾರೆ. ಹುಡುಗ ಹೇಳಿದ್ದು ಇದನ್ನೇ.

ಆದರೆ ರಕ್ತದ ಕಥೆಯಿಂದ ಲೆಕ್ಕ ಪೂರ್ತಿ ಆಗಲ್ಲ. 19ನೇ ಶತಮಾನದ ಕೊನೆಯಲ್ಲಿ ಇಟಲಿಯ ಶರೀರ ವಿಜ್ಞಾನಿ ಆಂಜೆಲೊ ಮೊಸ್ಸೊ ಒಂದು ಯಂತ್ರ ಮಾಡಿದ. ಮಾಡಬೇಕಾದದ್ದು ಇಷ್ಟೇ: ಒಂದೇ ಬೆರಳಿನಿಂದ ತೂಕವನ್ನು ಸಾಕಾಗುವ ತನಕ ಎಳೆಯುತ್ತ ಇರೋದು. ವಿದ್ಯಾರ್ಥಿಗಳ ಪರೀಕ್ಷೆ ನಡೆಸಿ ಬಂದ ಪ್ರಾಧ್ಯಾಪಕರ ಬೆರಳು ಬೇಗ ಸೋಲುತ್ತಿತ್ತು. ಪರೀಕ್ಷೆಯಲ್ಲಿ ದಣಿದದ್ದು ತಲೆ, ಬೆರಳೇನೂ ಅಲ್ಲ, ಅಲ್ವಾ?

ಇನ್ನೊಂದು ಪ್ರಯೋಗ 1961ರದ್ದು, ಇಕಾಯ್ ಮತ್ತು ಸ್ಟೈನ್‌ಹೌಸ್ ಎಂಬಿಬ್ಬರದು. ಜನರಿಗೆ ನಿಮಿಷಕ್ಕೊಮ್ಮೆ ಮೊಣಕೈ ಮಡಚಿ ಶಕ್ತಿಯಿದ್ದಷ್ಟೂ ಎಳೆಯಲು ಹೇಳಿದರು. ನಡುವೆ ಹಿಂದಿನಿಂದ ಢಂ ಅಂತ ಪಿಸ್ತೂಲು ಹಾರಿಸಿದರು. ಮುಂದಿನ ಎಳೆತ ಸರಾಸರಿ ಶೇ 7ರಷ್ಟು ಜಾಸ್ತಿಯಾಯಿತು. ಎಳೆಯುವಾಗ ಸ್ವತಃ ಕಿರುಚಿದರೆ ಶೇ 12ರಷ್ಟು. ಅಂದರೆ "ಇದ್ದಷ್ಟೂ" ಎಂದು ಎಳೆದಾಗಲೂ ಒಳಗೆ ಸ್ವಲ್ಪ ಉಳಿದಿತ್ತು. ಇದನ್ನು ಓದಿದಾಗ ನನಗೆ ನೆನಪಾದದ್ದು ನಮ್ಮ ಜಾತ್ರೆಗಳಲ್ಲಿ ಪೈಲ್ವಾನರು ಎತ್ತುವ ಸಂಗ್ರಾಣಿ ಕಲ್ಲು. ಹಲಿಗೆ ಬಡಿಯುತ್ತಿರುತ್ತದೆ, ಸುತ್ತ ನಿಂತವರು "ಹೌದ್ದ ಹುಲಿಯಾ" ಅನ್ನುತ್ತಾರೆ, ಮೊಣಕಾಲಿಗೆ ಬಂದು ನಿಂತಿದ್ದ ಕಲ್ಲು ಹೆಗಲೇರುತ್ತದೆ. ಪೈಲ್ವಾನರಿಗೆ ಈ ಗುಟ್ಟು ಪಿಸ್ತೂಲಿಗಿಂತ ಮೊದಲೇ ಗೊತ್ತಿತ್ತು ಅನ್ನಿಸುತ್ತದೆ.

ಇದಕ್ಕಿಂತ ತಮಾಷೆಯದು 2004ರದ್ದು. ಸುಮಾರು ಒಂದು ಗಂಟೆ ಜೋರಾಗಿ ಸೈಕಲ್ ತುಳಿಯುವವರಿಗೆ ಪಿಷ್ಟದಿಂದ ಮಾಡಿದ ಪುಡಿ ಕದಡಿದ ನೀರು ಕೊಟ್ಟರು. ಕುಡಿಯಲು ಅಲ್ಲ, ಮುಕ್ಕಳಿಸಿ ಉಗುಳಲು. ಹೊಟ್ಟೆಗೆ ಏನೂ ಹೋಗಿಲ್ಲ, ಆದರೂ ನಿಗದಿ ಮಾಡಿದ ತುಳಿತವನ್ನು ಸುಮಾರು ಶೇ 3ರಷ್ಟು ಬೇಗ ಮುಗಿಸಿದರು. ಕೃತಕ ಸಿಹಿಯ ನೀರಿಗೆ ಆ ಗುಣ ಇರಲಿಲ್ಲ ಎಂದು ಮುಂದೆ ಬೇರೆ ಪ್ರಯೋಗದಲ್ಲಿ ಕಂಡಿತು. ಬಾಯಿ ಮಿದುಳಿಗೆ "ಊಟ ಬರುತ್ತಿದೆ" ಎಂದು ಸುದ್ದಿ ಕಳಿಸಿತು, ಮಿದುಳು ಕೈ ಸಡಿಲಿಸಿತು. ಮಿದುಳು ಮನೆಯ ದುಡ್ಡು ಹಿಡಿದಿಟ್ಟ ಅಜ್ಜಿಯ ಹಾಗೆ ಎಂದು ನಾನು ಅಂದುಕೊಂಡಿದ್ದೇನೆ. ಪೂರ್ತಿ ಖಾಲಿಯಾಗಲು ಬಿಡಲ್ಲ. ದಕ್ಷಿಣ ಆಫ್ರಿಕಾದ ಕ್ರೀಡಾ ವಿಜ್ಞಾನಿ ಟಿಮ್ ನೋಕ್ಸ್ ಹೆಚ್ಚುಕಮ್ಮಿ ಇದನ್ನೇ ಸಿದ್ಧಾಂತ ಮಾಡಿದರು. ಇಲ್ಲ, ಸುಸ್ತು ಸ್ನಾಯುವಿನದೇ ಎನ್ನುವವರೂ ಇದ್ದಾರೆ. ಜಗಳ ಮುಗಿದಿಲ್ಲ.

ಹಾಗಾದರೆ ಅಜ್ಜಿಯ ಮಾತು ಮೀರಬಹುದಾ? ಸ್ವಲ್ಪ. ಆದರೆ ಬಿಸಿಲಿನ ವಿಷಯದಲ್ಲಿ ನಾನು ಅಜ್ಜಿಯ ಕಡೆ. 1999ರ ಒಂದು ಪ್ರಯೋಗದಲ್ಲಿ 40 ಡಿಗ್ರಿ ಸೆಕೆಯ ಕೋಣೆಯಲ್ಲಿ ಪಳಗಿದ ಸೈಕಲ್ ಸವಾರರು ತುಳಿದರು. ಕೆಲವು ಸಲ ಮೊದಲೇ ಮೈ ತಂಪು ಮಾಡಿದ್ದರು, ಕೆಲವು ಸಲ ಬಿಸಿ ಮಾಡಿದ್ದರು. ತಂಪಾಗಿ ಶುರು ಮಾಡಿದಾಗ ಜಾಸ್ತಿ ಹೊತ್ತು ತಾಳಿದರು. ಆದರೆ ಎಲ್ಲರೂ ಕೈಚೆಲ್ಲಿದ್ದು ಮೈಯೊಳಗಿನ ಬಿಸಿ ಸುಮಾರು 40 ಡಿಗ್ರಿ ಮುಟ್ಟಿದಾಗಲೇ. ಅದರಾಚೆ ತುಂಬಾ ಹೋದರೆ ಮಿದುಳೇ ಕೆಡಬಹುದು. ಬಾಗಲಕೋಟೆಯ ಏಪ್ರಿಲ್ ಬಿಸಿಲು ಹೊರಗಡೆಯೇ ಅಷ್ಟಿರುತ್ತದೆ. ಬೆವರಿದ ಬೆರಳಿಗೆ ಹಿಡಿತವೂ ಇರಲ್ಲ, ಚಾಕ್ ಪುಡಿ ಎಷ್ಟು ಬಳಿದರೂ ಅಷ್ಟೇ.

ಹತ್ತು ನಿಮಿಷ ಕೂತು ಮತ್ತೆ ಹತ್ತಿದೆ. ಮೊದಲು ಬಿದ್ದ ಅಂಚಿನ ಹತ್ತಿರ ಬಂದಾಗ ಸುಮ್ನೆ ಒಮ್ಮೆ ಕಿರುಚಿದೆ. ಹುಡುಗ ಬೆಚ್ಚಿಬಿದ್ದ. ಇನ್ನೂ ನಾಲ್ಕು ಹಿಡಿ ಮೇಲೆ ಹೋದೆ. ಅಷ್ಟರಲ್ಲಿ ಬಂಡೆಯ ಮೂಲೆ ತಿರುಗಿ ಬಿಸಿಲು ಬಂತು. "ಸಾಕ್ರಿ ಸರ, ಇಳೀರಿ" ಅಂದ. ಕೆಳಗೆ ಬಂದು ನೀರಿನ ಬಾಟ್ಲಿ ಎತ್ತಿಕೊಂಡೆ. ಮುಚ್ಚಳ ತಿರುಗಿಸಲು ಬೆರಳು ಒಪ್ಪಲಿಲ್ಲ. ಅವನೇ ತೆಗೆದುಕೊಟ್ಟ.