ಬೇಸಿಗೆ ರಜೆಯಲ್ಲಿ ಜೈಸಲ್ಮೇರ್‌ನ ಮರುಭೂಮಿ ಉದ್ಯಾನಕ್ಕೆ ಕಾರಿನಲ್ಲಿ ಹೋಗಬಹುದೇ?

ಪ್ರಶ್ನೆ: ನಾವು ಬೆಂಗಳೂರಿನ ವಿಜಯನಗರದವರು. ಮಕ್ಕಳಿಬ್ಬರಿಗೂ ರಾಜಸ್ಥಾನದ ಮರುಭೂಮಿ ರಾಷ್ಟ್ರೀಯ ಉದ್ಯಾನ ತೋರಿಸಬೇಕೆಂಬ ಆಸೆಯಿದೆ. ಅತ್ತೆ, ಮಾವನವರೂ ಜೊತೆಗೆ ಬರುತ್ತಾರೆ. ಮೇ ತಿಂಗಳ ರಜೆಯಲ್ಲಿ ಸ್ವಂತ ಕಾರಿನಲ್ಲಿ ಹೋಗಿಬರಬಹುದೇ?

ಉತ್ತರ: ದಯವಿಟ್ಟು ಬೇಸಿಗೆಯಲ್ಲಿ ಹೋಗಬೇಡಿ. ನವೆಂಬರ್‌ನಿಂದ ಫೆಬ್ರವರಿಯೊಳಗೆ ಆದರೆ ಧಾರಾಳವಾಗಿ ಹೋಗಬಹುದು. ಜೈಸಲ್ಮೇರ್ ಸೀಮೆಯ ಪಕ್ಕದ ಫಲೋಡಿ ಪಟ್ಟಣದಲ್ಲಿ 2016ರ ಮೇ 19ರಂದು 51 ಡಿಗ್ರಿ ಸೆಲ್ಸಿಯಸ್ ಉಷ್ಣಾಂಶ ದಾಖಲಾಯಿತು; ದೇಶದ ದಾಖಲೆ ಅದು. ಆ ತಿಂಗಳುಗಳಲ್ಲಿ 'ಲೂ' ಎಂಬ ಬಿಸಿಗಾಳಿ ಮಧ್ಯಾಹ್ನವೆಲ್ಲ ಬೀಸುತ್ತದೆ. ವಯಸ್ಸಾದವರನ್ನೂ ಮಕ್ಕಳನ್ನೂ ಕೂರಿಸಿಕೊಂಡು, ಊರಿಂದ ಊರಿಗೆ ಬಹು ದೂರವಿರುವ ಆ ರಸ್ತೆಯಲ್ಲಿ ಟೈರ್ ಒಡೆದು ನಿಂತರೆ ಏನಾದೀತೆಂದು ಯೋಚಿಸಿ. ಇನ್ನೊಂದು ಕಾರಣವೂ ಇದೆ: ಅಲ್ಲಿನ ಅತ್ಯಮೂಲ್ಯ ಹಕ್ಕಿಯಾದ ಗ್ರೇಟ್ ಇಂಡಿಯನ್ ಬಸ್ಟರ್ಡ್ ನೆಲದ ಮೇಲೆ ಮೊಟ್ಟೆಯಿಡುವುದು ಬೇಸಿಗೆ ಮತ್ತು ಮಳೆಗಾಲದಲ್ಲಿ. ಆಗ ಅದನ್ನು ಅದರ ಪಾಡಿಗೆ ಬಿಡುವುದೇ ಸರಿ.

ದಾರಿಯ ಲೆಕ್ಕ ಹೀಗಿದೆ. ಬೆಂಗಳೂರಿನಿಂದ ಜೈಸಲ್ಮೇರ್‌ಗೆ ಸುಮಾರು 2,000 ಕಿಲೋಮೀಟರ್. ಬೆಳಗಾವಿ, ಪನ್ವೇಲ್, ಅಹಮದಾಬಾದ್‌ಗಳಲ್ಲಿ ಒಂದೊಂದು ರಾತ್ರಿ ತಂಗಿ, ಪಾಲನ್‌ಪುರ, ಬಾರ್ಮೇರ್ ಮಾರ್ಗವಾಗಿ ನಾಲ್ಕನೆಯ ಸಂಜೆ ತಲುಪಬಹುದು. ಹೋಗಿಬರುವುದಕ್ಕೇ ಎಂಟು ದಿನ ಹಿಡಿಯುವುದರಿಂದ ಕ್ರಿಸ್‌ಮಸ್ ರಜೆ ಸಾಲದೆ ಹೋಗಬಹುದು. ದಸರಾ ರಜೆ ಉದ್ದವಾದರೂ ಅಕ್ಟೋಬರ್ ಮಧ್ಯಾಹ್ನಗಳು ಇನ್ನೂ ಬಿಸಿಯಾಗಿಯೇ ಇರುತ್ತವೆ. ನಿಮ್ಮ ಜಾಗದಲ್ಲಿ ನಾನಿದ್ದರೆ ಹಿರಿಯರ ಸೊಂಟ ಮತ್ತು ಮಂಡಿಯನ್ನು ನೆನೆದು ಜೋಧಪುರದವರೆಗೆ ರೈಲಿನಲ್ಲಿ ಹೋಗಿ, ಅಲ್ಲಿಂದ ಮುಂದಿನ ಸುಮಾರು 280 ಕಿಲೋಮೀಟರ್‌ಗೆ ಬಾಡಿಗೆ ಕಾರು ಹಿಡಿಯುತ್ತಿದ್ದೆ. ಚಳಿಗಾಲದ ರಾತ್ರಿಗಳು ಬೆಂಗಳೂರಿನವರು ಎಣಿಸುವುದಕ್ಕಿಂತ ಬಹಳ ತಣ್ಣಗಿರುತ್ತವೆ. ಸ್ವೆಟರ್, ಮಫ್ಲರ್ ಮರೆಯಬೇಡಿ. ಗಡಿ ಹತ್ತಿರವಿರುವುದರಿಂದ ಎಲ್ಲರ ಮೂಲ ಗುರುತಿನ ಚೀಟಿ ಇಟ್ಟುಕೊಳ್ಳಿ, ಅನುಮತಿಯಿಲ್ಲದ ರಸ್ತೆಗೆ ತಿರುಗಬೇಡಿ.

ಈಗ ಉದ್ಯಾನದ ವಿಷಯ. ಬಹಳ ಮಂದಿ ಸಮ್ ಎಂಬಲ್ಲಿನ ಮರಳು ದಿಬ್ಬಗಳ ಮೇಲೆ ಒಂಟೆ ಸವಾರಿ ಮಾಡಿ, ಉದ್ಯಾನ ನೋಡಿದೆವೆಂದುಕೊಂಡು ಮರಳುತ್ತಾರೆ. 3,162 ಚದರ ಕಿಲೋಮೀಟರ್‌ನ ಈ ನೆಲದಲ್ಲಿ ದಿಬ್ಬಗಳ ಪಾಲು ಐದರಲ್ಲಿ ಒಂದರಷ್ಟು ಮಾತ್ರ. ಮಿಕ್ಕದ್ದು ಕಲ್ಲುನೆಲ, ಕುರುಚಲು ಮತ್ತು ಸೇವಣ್ ಎಂಬ ಹುಲ್ಲಿನ ಬಯಲು. ನಾವು ದಸರೆಯಲ್ಲಿ ಪೂಜಿಸುವ ಬನ್ನಿ ಮರವೇ ಅಲ್ಲಿ ಖೇಜ್ಡಿ ಎಂಬ ಹೆಸರಿನಲ್ಲಿ ಬಯಲಿನ ನಡುವೆ ನಿಂತಿರುವುದನ್ನು ಹಿರಿಯರಿಗೆ ತೋರಿಸಿ, ಖಂಡಿತ ಸಂತೋಷಪಡುತ್ತಾರೆ. ಅರಣ್ಯ ಇಲಾಖೆಯಿಂದ ಪ್ರವೇಶ ಪಡೆದು, ಬೆಳಕು ಹರಿಯುವ ಹೊತ್ತಿಗೆ ಸುದಾಸರಿ ಭಾಗದಲ್ಲಿದ್ದರೆ ಚಿಂಕಾರ ಎಂಬ ಹುಲ್ಲೆ, ಮರಳುಗಾಡಿನ ನರಿ, ರಣಹದ್ದುಗಳು ಕಾಣುವ ಸಾಧ್ಯತೆ ಹೆಚ್ಚು. ಹಿಂದಿರುಗುವಾಗ ಫಲೋಡಿಯ ಪಕ್ಕದ ಖೀಚನ್ ಹಳ್ಳಿಗೆ ಹೋದರೆ, ಊರವರು ಹಾಕುವ ಕಾಳಿಗಾಗಿ ಸಾವಿರಾರು ಕ್ರೌಂಚಗಳು ಇಳಿಯುವುದನ್ನು ನೋಡಬಹುದು.

ಅದೃಷ್ಟವಿದ್ದರೆ ಕಾಣುವುದು ಆ ಅತ್ಯಮೂಲ್ಯ ಹಕ್ಕಿ, ಗ್ರೇಟ್ ಇಂಡಿಯನ್ ಬಸ್ಟರ್ಡ್. ರಾಜಸ್ಥಾನದ ಈ ರಾಜ್ಯಪಕ್ಷಿಯನ್ನು ಅಲ್ಲಿ ಗೋಡಾವಣ್ ಎನ್ನುತ್ತಾರೆ. ಗಂಡು ಸುಮಾರು ಒಂದು ಮೀಟರ್ ಎತ್ತರ, 15 ಕಿಲೋವರೆಗೂ ತೂಗುತ್ತದೆ. ಹೆಣ್ಣು ಇಡುವುದು ಸಾಮಾನ್ಯವಾಗಿ ವರ್ಷಕ್ಕೆ ಒಂದೇ ಮೊಟ್ಟೆ. ಕಣ್ಣುಗಳು ತಲೆಯ ಎರಡು ಬದಿಗಿರುವುದರಿಂದ ಎದುರಿನದು ಸರಿಯಾಗಿ ಕಾಣದೆ, ಭಾರವಾದ ದೇಹವನ್ನು ಥಟ್ಟನೆ ತಿರುಗಿಸಲಾರದೆ, ವಿದ್ಯುತ್ ತಂತಿಗಳಿಗೆ ಬಡಿದು ಸಾಯುತ್ತದೆ. 2021ರಲ್ಲಿ ಸುಪ್ರೀಂ ಕೋರ್ಟ್ ಈ ತಂತಿಗಳ ಬಗ್ಗೆ ಆದೇಶ ನೀಡಬೇಕಾಯಿತು. 2019ರಿಂದ ಸಮ್‌ನಲ್ಲಿ ಮರಿಗಳನ್ನು ಸಾಕಿ ಬೆಳೆಸುವ ಪ್ರಯತ್ನ ನಡೆಯುತ್ತಿದೆ. ಇನ್ನೂ ಹತ್ತಿರ ಹೋಗೋಣವೆಂದು ಚಾಲಕನನ್ನು ಒತ್ತಾಯಿಸದಿರಿ, ದುರ್ಬೀನು ಸಾಕು.

ಇದೇ ಹಕ್ಕಿ ನಮ್ಮಲ್ಲಿಯೂ ಇತ್ತು. ಎರೆ ಎಂದರೆ ಕಪ್ಪು ಮಣ್ಣಿನ ನೆಲ. ಆ ನೆಲದ ಹಕ್ಕಿಯಾದ್ದರಿಂದ ನಮ್ಮವರು ಇದನ್ನು ಎರೆಭೂತ ಎಂದು ಕರೆದರು. ಈಗ ಕರ್ನಾಟಕದಲ್ಲಿ ಬಳ್ಳಾರಿ ಜಿಲ್ಲೆಯ ಸಿರುಗುಪ್ಪದ ಕಡೆ ಬೆರಳೆಣಿಕೆಯಷ್ಟು ಮಾತ್ರ ಉಳಿದಿವೆ. ಕಾರಿನಲ್ಲೇ ಹೋಗುವುದಾದರೆ ಹೊರಟ ದಿನ ಮಧ್ಯಾಹ್ನದ ಹೊತ್ತಿಗೆ ರಾಣೇಬೆನ್ನೂರು ಸಿಗುತ್ತದೆ. 1974ರಲ್ಲಿ ಕೃಷ್ಣಮೃಗಗಳಿಗಾಗಿ ಅಭಯಾರಣ್ಯವಾದ ಅಲ್ಲಿನ ಬಯಲಿನಲ್ಲಿ ಎರೆಭೂತವೂ ಓಡಾಡುತ್ತಿತ್ತು. ಹುಲ್ಲಿನ ಜಾಗದಲ್ಲಿ ನೀಲಗಿರಿ ತೋಪು ಬೆಳೆದ ಮೇಲೆ ಅದಕ್ಕೆ ನೆಲೆಯಿಲ್ಲವಾಯಿತು. ಊಟಕ್ಕೆ ಅಲ್ಲಿಯೇ ನಿಲ್ಲಿಸಿ, ಮಕ್ಕಳಿಗೆ ಆ ತೋಪುಗಳನ್ನು ತೋರಿಸಿ ಮುಂದೆ ಹೋಗಿ.