ಎಕ್ಸ್‌ಎಂಎಲ್ ಕಲಿಯೋಕೆ ಕೋರ್ಸ್ ಸೇರಬೇಕಾ?

ಪ್ರಶ್ನೆ: ದಾವಣಗೆರೆ ಎಪಿಎಂಸಿಯ ಒಂದು ದಲಾಲಿ ಮಂಡಿಯಲ್ಲಿ ಲೆಕ್ಕ ಬರೆಯುತ್ತೇನೆ. ಮೆಕ್ಕೆಜೋಳದ ಬಿಲ್ಲುಗಳನ್ನು ಎಕ್ಸೆಲ್‌ನಿಂದ ಎಕ್ಸ್‌ಎಂಎಲ್ ಮಾಡಿ ಟ್ಯಾಲಿ ಎಂಬ ಲೆಕ್ಕದ ಸಾಫ್ಟ್‌ವೇರ್‌ಗೆ ಹಾಕಬೇಕಾಗಿದೆ. ಓದಿದ್ದು ಬಿಕಾಂ, ಪ್ರೋಗ್ರಾಮಿಂಗ್ ಗೊತ್ತಿಲ್ಲ. ಎಲ್ಲಿಂದ ಶುರು ಮಾಡಲಿ?

ಉತ್ತರ: ಕೋರ್ಸ್ ಬೇಡ. ಎಕ್ಸ್‌ಎಂಎಲ್ ಎಂದರೆ ಪ್ರತಿ ಮಾಹಿತಿಯನ್ನೂ ಅದರ ಹೆಸರು ಹೇಳುವ ಟ್ಯಾಗ್‌ಗಳ ನಡುವೆ ಬರೆದಿಡುವ ಪಠ್ಯ ಫೈಲ್, ಅಷ್ಟೆ. ನಿಮಗೆ ಬೇಕಾದ ಒಳ್ಳೆಯ ಪಾಠ ನಿಮ್ಮ ಟ್ಯಾಲಿಯಲ್ಲೇ ಇದೆ. ಕಂಪನಿ ಡೇಟಾದ ಒಂದು ನಕಲು ಮಾಡಿಕೊಳ್ಳಿ. ಅದರಲ್ಲಿ ಒಂದೇ ಒಂದು ಸೇಲ್ಸ್ ವೋಚರ್ (ಮಾರಾಟದ ನಮೂದು) ಕೈಯಾರೆ ನಮೂದಿಸಿ, ಎಕ್ಸ್‌ಎಂಎಲ್ ಆಗಿ ಎಕ್ಸ್‌ಪೋರ್ಟ್ ಮಾಡಿ, ನೋಟ್‌ಪ್ಯಾಡ್++ನಲ್ಲಿ ತೆರೆಯಿರಿ. ತಾರೀಖು 20250405 ಎಂದು (ವರ್ಷ, ತಿಂಗಳು, ದಿನ) ಎಂಟು ಅಂಕಿಯಲ್ಲಿರುತ್ತದೆ, ಡೆಬಿಟ್ ಮೊತ್ತಕ್ಕೆ ಮೈನಸ್ ಇರುತ್ತದೆ. ನೀವು ತಯಾರಿಸುವ ಫೈಲೂ ಹಾಗೆಯೇ ಇರಬೇಕು.

ಜೊತೆಗೆ ಡಬ್ಲ್ಯು3ಸ್ಕೂಲ್ಸ್ ಜಾಲತಾಣದ ಎಕ್ಸ್‌ಎಂಎಲ್ ಪಾಠದಲ್ಲಿ ಸಿಂಟ್ಯಾಕ್ಸ್, ಎಲಿಮೆಂಟ್, ಆಟ್ರಿಬ್ಯೂಟ್, ನೇಮ್‌ಸ್ಪೇಸ್ ಓದಿ. ಪುಕ್ಕಟೆ ಸಿಗುತ್ತದೆ. ಡಿಟಿಡಿ, ಎಕ್ಸ್‌ಎಸ್‌ಎಲ್‌ಟಿ (ಫೈಲಿನ ರಚನೆಗೆ ನಿಯಮ ಬರೆಯುವುದು, ಫೈಲನ್ನು ಬೇರೆ ರೂಪಕ್ಕೆ ಬದಲಿಸುವುದು) ಸದ್ಯಕ್ಕೆ ಬಿಡಿ. ಹಳೆಯ ಪುಸ್ತಕಗಳು ಅಲ್ಲೇ ಸಿಕ್ಕಿಹಾಕಿಸುತ್ತವೆ. ವೆಬ್ ಮಾನದಂಡಗಳನ್ನು ರೂಪಿಸುವ ಸಂಸ್ಥೆ ಡಬ್ಲ್ಯು3ಸಿ 1998ರಲ್ಲಿ ಹೊರತಂದ ಮೂಲ ನಿಯಮಾವಳಿ ಅನುಮಾನ ಬಂದಾಗ ತೆರೆದು ನೋಡುವುದಕ್ಕೆ, ಕಲಿಯುವುದಕ್ಕಲ್ಲ.

ಈಗ ಇದನ್ನು ನೋಡಿ. ಟ್ಯಾಗ್ ಹೆಸರು ಕನ್ನಡದಲ್ಲೂ ಇರಬಹುದು:

<ಬಿಲ್ ಸಂಖ್ಯೆ="214">
<ಮಾಲು>ಜೋಳ & ರಾಗಿ</ಮಾಲು>
<ತೂಕ>42.5</ತೂಕ>
</ಬಿಲ್>

ಟ್ಯಾಗ್‌ಗಳೆಲ್ಲ ಸರಿಯಾಗಿ ಮುಚ್ಚಿವೆ, ಆದರೂ ಓದುವ ಸಾಫ್ಟ್‌ವೇರ್ ಎರಡನೇ ಸಾಲಿನಲ್ಲೇ ನಿಲ್ಲುತ್ತದೆ. ಎಕ್ಸ್‌ಎಂಎಲ್‌ನಲ್ಲಿ & ಬಂತೆಂದರೆ ಮುಂದೊಂದು ಸಂಕೇತ ಬರುತ್ತದೆ ಎಂದರ್ಥ. ಅಲ್ಲಿ &#38; ಬರೆಯಬೇಕು; < ಇದ್ದರೆ &#60;. ಮಂಡಿಪೇಟೆಯ ಗಿರಾಕಿ ಪಟ್ಟಿಯಲ್ಲಿ '& ಸನ್ಸ್', '& ಕೋ' ಎಷ್ಟಿರುತ್ತವೆ ಎಂದು ನಿಮಗೇ ಗೊತ್ತು, ಹಾಗಾಗಿ ಎಕ್ಸೆಲ್‌ನಲ್ಲೇ ಸಬ್‌ಸ್ಟಿಟ್ಯೂಟ್ ಫಾರ್ಮುಲಾ ಹಾಕಿ. ಮೊದಲು & ಬದಲಿಸಿ, ಆಮೇಲೆ <. ಹಿಂದುಮುಂದಾದರೆ &#60; ಒಳಗಿನ & ಮತ್ತೊಮ್ಮೆ ಬದಲಾಗಿ ಹೆಸರೇ ಕೆಡುತ್ತದೆ.

ಫೈಲನ್ನು ಟ್ಯಾಲಿಗೆ ಕೊಡುವ ಮುಂಚೆ ಫೈರ್‌ಫಾಕ್ಸ್‌ಗೆ ಎಳೆದು ಹಾಕಿ. ತಪ್ಪಿದ್ದರೆ ಸಾಲಿನ ಸಂಖ್ಯೆ ತೋರಿಸುತ್ತದೆ. ಅದು ತಪ್ಪು ಗೊತ್ತಾದ ಸಾಲು, ತಪ್ಪಾದ ಸಾಲೇ ಆಗಿರಬೇಕಿಲ್ಲ. ಮುಚ್ಚದ ಟ್ಯಾಗ್ ಹತ್ತಾರು ಸಾಲು ಮೇಲಿರಬಹುದು.

ಕನ್ನಡ ಹೆಸರುಗಳು ಪ್ರಶ್ನಾರ್ಥಕ ಚಿಹ್ನೆಗಳಾಗಿ ಬಂದರೆ ಫೈಲ್ ಆನ್ಸಿಯಲ್ಲಿ, ಅಂದರೆ ಕನ್ನಡ ಅಕ್ಷರಗಳಿಗೆ ಜಾಗವಿಲ್ಲದ ಹಳೆಯ ಎನ್‌ಕೋಡಿಂಗ್‌ನಲ್ಲಿ, ಸೇವ್ ಆಗಿದೆ. ಆಮೇಲೆ ಎನ್‌ಕೋಡಿಂಗ್ ಬದಲಿಸಿದರೆ ಕಳೆದುಹೋದ ಅಕ್ಷರ ಮರಳುವುದಿಲ್ಲ. ಎಕ್ಸೆಲ್‌ನಿಂದಲೇ ಕನ್ನಡವನ್ನೂ ಹಿಡಿದಿಡುವ ಯುಟಿಎಫ್-8 ಎನ್‌ಕೋಡಿಂಗ್‌ನಲ್ಲಿ ಮತ್ತೆ ತೆಗೆಯಿರಿ.

ಮುಂದೆ ಬಿಲ್ಲು ಹೆಚ್ಚಾದಾಗ ಪೈಥಾನ್ ಎಂಬ ಪ್ರೋಗ್ರಾಮಿಂಗ್ ಭಾಷೆ ಕೈಗೆತ್ತಿಕೊಳ್ಳಿ. ಅದರಲ್ಲಿ ಎಕ್ಸ್‌ಎಂಎಲ್ ಓದುವ ಭಾಗವಾದ ಎಲಿಮೆಂಟ್‌ಟ್ರೀಯ ವಿವರಣಾ ಪುಟದಲ್ಲಿ ಉದಾಹರಣೆಗಳಿವೆ. ಟ್ಯಾಲಿಯ ಎಕ್ಸ್‌ಪೋರ್ಟ್ ಫೈಲ್ ಓದಿಸುವಾಗ ಒಂದು ತೊಡಕು ಬರುತ್ತದೆ: ಅದರೊಳಗೆ &#4; ಎಂಬ ಗುರುತು ಇರುತ್ತದೆ. ಎಕ್ಸ್‌ಎಂಎಲ್ 1.0ರಲ್ಲಿ ಈ ಕಂಟ್ರೋಲ್ ಅಕ್ಷರ (ಕಣ್ಣಿಗೆ ಕಾಣದ ಸಂಕೇತ) ನಿಷಿದ್ಧ, ಪೈಥಾನ್ ಅಲ್ಲೇ ಕೈಚೆಲ್ಲುತ್ತದೆ. ನಕಲು ಫೈಲಿನಲ್ಲಿ ಅದನ್ನು ತೆಗೆದು ಓದಿಸಿ.

ಇಂಪೋರ್ಟ್ ಮಾಡುವಾಗ ಮೊದಲು ಲೆಡ್ಜರ್‌ಗಳು (ಖಾತೆಗಳು) ಹೋಗಲಿ, ನಂತರ ವೋಚರ್‌ಗಳು. ಲೆಡ್ಜರ್ ಹೆಸರಿನಲ್ಲಿ ಒಂದಕ್ಷರ ಹೆಚ್ಚುಕಡಿಮೆಯಾದರೂ ಆ ವೋಚರ್ ಒಳಗೆ ಹೋಗುವುದಿಲ್ಲ. ಮೊದಲ ಸಲ ಎರಡು ಬಿಲ್ ಮಾತ್ರ ಕಳಿಸಿ, ಮೊತ್ತ ತಾಳೆ ನೋಡಿ, ಆಮೇಲೆ ಇಡೀ ದಿನದ್ದು ಕಳಿಸಿ.